ಜಂಘಾಬಲ ಮತ್ತು ಶಕ್ತ್ಯನುಸಾರವಾದ ತಪ

ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಸ್ಥಿತಿಭೋಜನವೂ ಒಂದು. ದಿನಕ್ಕೆ ಒಂದೇ ಸಲ, ಗೋಡೆಯನ್ನಾಗಲೀ ಕಂಬವನ್ನಾಗಲೀ ಆಶ್ರಯಿಸದೆ ನಿಂತು, ಅಂಜಲಿಯನ್ನೇ ಪಾತ್ರೆಯನ್ನಾಗಿ ಮಾಡಿಕೊಂಡು, ಶ್ರಾವಕರು ನೀಡಿದ ಶುದ್ಧಾಹಾರವನ್ನು ಸ್ವೀಕರಿಸುವುದು ಅದರ ಸ್ವರೂಪ. ಆಹಾರದಾನವನ್ನು ನೋಡಲು ನೆರೆದವರೆಲ್ಲರ ದೃಷ್ಟಿಯೂ ಮುನಿಗಳ ಕೈಗಳ ಮೇಲಿರುತ್ತದೆ. ಕಾಲುಗಳನ್ನು ಗಮನಿಸುವವರು ವಿರಳ. ಆದರೆ ಈ ಮೂಲಗುಣದ ಮರ್ಮವಿರುವುದು ಕಾಲುಗಳಲ್ಲಿಯೇ. ಕೈಗಳೆರಡೂ ಕೂಡುವವರೆಗೆ, ಕಾಲುಗಳು ದೇಹವನ್ನು ಹೊತ್ತು ನಿಲ್ಲುವವರೆಗೆ ಮಾತ್ರ ಆಹಾರ. ಅದು ಅಸಾಧ್ಯವಾದಂದು ಆಹಾರದ ತ್ಯಾಗ ಎಂಬ ಪ್ರತಿಜ್ಞೆಯೇ ಸ್ಥಿತಿಭೋಜನದ ಅಂತರಾರ್ಥವೆಂದು ಆಚಾರ್ಯರು ವಿವರಿಸಿದ್ದಾರೆ.

ಶಿವಾರ್ಯರ ಭಗವತೀ ಆರಾಧನೆಯಲ್ಲಿ ಈ ವಿಚಾರಕ್ಕೆ ಒಂದು ಹೆಸರೇ ಇದೆ: ಜಂಘಾಬಲ. ಕನ್ನಡಿಗರಿಗೆ ವಡ್ಡಾರಾಧನೆಯ ಕಥೆಗಳ ಮೂಲಕ ಪರಿಚಿತವಾಗಿರುವ ಆರಾಧನಾ ಪರಂಪರೆಯ ಮಹಾಗ್ರಂಥ ಇದು. ಭಕ್ತಪ್ರತ್ಯಾಖ್ಯಾನಕ್ಕೆ, ಅಂದರೆ ಸಮಾಧಿಮರಣಕ್ಕಾಗಿ ಆಹಾರವನ್ನು ತ್ಯಜಿಸುವುದಕ್ಕೆ, ಯಾರು ಅರ್ಹರೆಂದು ಹೇಳುವಾಗ ಕಣ್ಣು ದುರ್ಬಲವಾದವರು, ಕಿವಿ ದುರ್ಬಲವಾದವರು ಎಂದ ಮೇಲೆ ಜಂಘಾಬಲವನ್ನು ಕಳೆದುಕೊಂಡು ವಿಹರಿಸಲಾರದವರು ಎಂದು ಅಲ್ಲಿ ಸೇರಿಸಲಾಗಿದೆ. ಕಣ್ಣು ಹೋದರೆ ಈರ್ಯಾಸಮಿತಿ ನಡೆಯದು, ಕಾಲು ಹೋದರೆ ವಿಹಾರವೂ ನಡೆಯದು, ಸ್ಥಿತಿಭೋಜನವೂ ನಡೆಯದು. 1955ರಲ್ಲಿ ಕುಂಥಲಗಿರಿಯಲ್ಲಿ ಆಚಾರ್ಯ ಶಾಂತಿಸಾಗರ ಮಹಾರಾಜರು ಸಲ್ಲೇಖನವನ್ನು ಸ್ವೀಕರಿಸಿದ್ದು ದೃಷ್ಟಿ ಕ್ಷೀಣಿಸಿ ಜೀವರಕ್ಷಣೆ ಮಾಡುತ್ತ ನಡೆಯುವುದು ಕಷ್ಟವಾದಾಗ ಎಂಬುದು ಸರ್ವವಿದಿತ. ಆಗಸ್ಟ್ 14ರಂದು ಆರಂಭವಾದ ಆ ಮಹಾಸಾಧನೆ ಸೆಪ್ಟೆಂಬರ್ 18ರಂದು, 36ನೆಯ ದಿನ, ಪೂರ್ಣವಾಯಿತು. ಆಗ ಪೂಜ್ಯರಿಗೆ 83 ವರ್ಷ. ಅದಕ್ಕೆ ಮೊದಲು ದಶಕಗಳ ಕಾಲ ಅವರು ಬರಿಗಾಲಲ್ಲಿ ಭರತಖಂಡವನ್ನು ಅಳೆದಿದ್ದರು. ಅವರ ಉಪವಾಸಗಳನ್ನು ಎಣಿಸುವ ಭಕ್ತರು ಅವರ ಈ ನಡಿಗೆಯನ್ನು ಎಣಿಸುವುದಿಲ್ಲ!

ಜಂಘಾಬಲವೆಂಬುದು ಹೀಗೆ ಕೇವಲ ದೇಹದ ಮಾತಲ್ಲ. ಅದು ಚಾರಿತ್ರಕ್ಕೆ ಸಂಬಂಧಿಸಿದ ಮಾತು. ಮುನಿಧರ್ಮದಲ್ಲಿ ಇಷ್ಟು ತೂಕವುಳ್ಳ ವಸ್ತುವನ್ನು ಶ್ರಾವಕರು ತಮ್ಮ ಮನೆಯ ಹಿರಿಯರ ವಿಷಯದಲ್ಲಿ ಎಷ್ಟು ಲಘುವಾಗಿ ಕಾಣುತ್ತಾರೆ ಎಂಬುದನ್ನು ಸ್ವಲ್ಪ ನೋಡಬೇಕಾಗಿದೆ.

ಅನೇಕ ಮನೆಗಳಲ್ಲಿ ಕಾಣುವ ಚಿತ್ರವಿದು. ಎಪ್ಪತ್ತು ದಾಟಿದ ಅಜ್ಜಿ. ಅಷ್ಟಮಿ ಚತುರ್ದಶಿಗಳಂದು ಉಪವಾಸ, ಭಾದ್ರಪದದಲ್ಲಿ ದಶಲಕ್ಷಣ ಪರ್ವದ ನಿಯಮ, ಉಳಿದ ದಿನಗಳಲ್ಲಿ ಏಕಭುಕ್ತ. ಹಾಲು, ಮೊಸರು, ತುಪ್ಪಗಳನ್ನು ತ್ಯಜಿಸಿ ಹಲವು ವರ್ಷಗಳಾದವು. ಹಲ್ಲು ಹೋದ ಮೇಲೆ ರೊಟ್ಟಿ ಹೋಯಿತು. ಹೊಟ್ಟೆಯುಬ್ಬರವೆಂದು ಬೇಳೆ ಹೋಯಿತು. ಚಾತುರ್ಮಾಸದಲ್ಲಿ ಬಿಟ್ಟ ಸೊಪ್ಪು ಕಾರ್ತಿಕ ಕಳೆದರೂ ಮರಳಿ ತಟ್ಟೆಗೆ ಬರಲಿಲ್ಲ. ಉಳಿದದ್ದು ಮೆತ್ತಗಾದ ಅನ್ನ ಮತ್ತು ತಿಳಿಸಾರು. "ನಮ್ಮ ಅಜ್ಜಿ ಏನೂ ತಿನ್ನುವುದೇ ಇಲ್ಲ" ಎಂದು ಮನೆಯವರು ಬಂದವರ ಮುಂದೆ ಹೆಮ್ಮೆಯಿಂದ ಹೇಳುತ್ತಾರೆ. ಬಸದಿಯಲ್ಲಿ ಕುಳಿತ ಅಜ್ಜಿ ಏಳುವಾಗ ಕಂಬವನ್ನು ಹಿಡಿಯತೊಡಗಿದ್ದನ್ನು ಯಾರೂ ಗಮನಿಸಿರುವುದಿಲ್ಲ. ಪಂಚಾಂಗ ನಮಸ್ಕಾರ ನಿಂತುಹೋಗಿ ಕೈಜೋಡಿಸುವುದಷ್ಟೇ ಉಳಿಯಿತು. ಮುನಿಗಳು ಊರಿಗೆ ಬಂದಾಗ ಬಾಗಿಲಲ್ಲಿ ಕಲಶ ಹಿಡಿದು ಪ್ರತಿಗ್ರಹಣಕ್ಕೆ ನಿಲ್ಲುವ ಕೆಲಸ ಸೊಸೆಯದಾಯಿತು. ಒಂದು ದಿನ ಬಚ್ಚಲಮನೆಯಲ್ಲಿ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ರಾತ್ರಿಯ ಔಷಧಿ, ರಾತ್ರಿಯ ಆಹಾರ, ಸೋಸದ ನೀರು. ನಲವತ್ತು ವರ್ಷ ಕಾಪಾಡಿಕೊಂಡು ಬಂದ ರಾತ್ರಿಭೋಜನತ್ಯಾಗವು ನಲವತ್ತು ಗಂಟೆಗಳೊಳಗೆ ಕೈಬಿಟ್ಟಿತು. ಮೂಳೆಯ ನೋವಿಗಿಂತ ಆ ಜೀವಕ್ಕೆ ಹೆಚ್ಚು ನೋವಾದದ್ದು ಇದರಿಂದ.

ಇಲ್ಲಿ ಒಂದು ಸೂಕ್ಷ್ಮವನ್ನು ವಿವೇಚಿಸಬೇಕು. ಅಜ್ಜಿಯ ತಟ್ಟೆಯಿಂದ ಹೋದ ವಸ್ತುಗಳಲ್ಲಿ ಸಂಕಲ್ಪಪೂರ್ವಕವಾಗಿ ತ್ಯಜಿಸಿದ್ದು ಯಾವುದು, ತಾನಾಗಿ ಬಿಟ್ಟುಹೋದದ್ದು ಯಾವುದು? ಹಾಲು, ಮೊಸರು, ತುಪ್ಪಗಳ ತ್ಯಾಗ ರಸಪರಿತ್ಯಾಗವೆಂಬ ಬಾಹ್ಯತಪ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ಇಂದ್ರಿಯಜಯಕ್ಕಾಗಿ ಬಿಡುವುದು ಅದು. ಆದರೆ ಹಲ್ಲಿಲ್ಲದೆ ರೊಟ್ಟಿ ಬಿಟ್ಟದ್ದು ತಪವಲ್ಲ. ಅಡುಗೆಮನೆಯಲ್ಲಿ ಬೇಳೆಯನ್ನು ನುಣ್ಣಗೆ ಬೇಯಿಸಿ ಕೊಡುವವರಿಲ್ಲದೆ ಬೇಳೆ ಬಿಟ್ಟದ್ದೂ ತಪವಲ್ಲ. ಅದು ಮನೆಯವರ ಪ್ರಮಾದ. ಪ್ರಮಾದಕ್ಕೆ ತಪದ ಹೆಸರನ್ನು ಇಡುವುದು ಶ್ರಾವಕರಿಗೆ ತಕ್ಕುದಲ್ಲ.

ಆಗಮಗಳನ್ನು ಬಲ್ಲವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಎತ್ತುವುದು ನ್ಯಾಯವೂ ಹೌದು. ಮುನಿಯು ಬಲಕ್ಕಾಗಿ ಉಣ್ಣಬಾರದು, ಆಯುಷ್ಯಕ್ಕಾಗಿ ಉಣ್ಣಬಾರದು, ರುಚಿಗಾಗಿ, ದೇಹದ ಪುಷ್ಟಿಗಾಗಿ, ಕಾಂತಿಗಾಗಿ ಉಣ್ಣಬಾರದು ಎಂದು ಮೂಲಾಚಾರದಲ್ಲಿ ವಿಧಿಸಿದೆಯಲ್ಲವೆ? ಹಾಗಿರುವಾಗ ಸ್ನಾಯುಬಲದ ಚಿಂತೆ ಧರ್ಮಪತ್ರಿಕೆಗೇಕೆ? ಆದರೆ ಅದೇ ಸ್ಥಳದಲ್ಲಿ ಜ್ಞಾನಕ್ಕಾಗಿ, ಸಂಯಮಕ್ಕಾಗಿ, ಧ್ಯಾನಕ್ಕಾಗಿ ಉಣ್ಣಬೇಕೆಂದೂ ವಿಧಿಸಿದೆ. ಬಲವೇ ಗುರಿಯಾದರೆ ಅದು ದೇಹಾಭಿಮಾನ. ಸಂಯಮವು ಗುರಿಯಾಗಿ ಬಲವು ಅದರ ಸಾಧನವಾದರೆ ದೋಷವೆಲ್ಲಿ? ಆಚಾರ್ಯರು ಮುನಿಯ ಆಹಾರಕ್ಕೆ ಕೊಟ್ಟಿರುವ ಉಪಮೆಗಳಲ್ಲಿ ಅಕ್ಷಮ್ರಕ್ಷಣವೆಂಬುದೊಂದಿದೆ. ರತ್ನಗಳನ್ನು ತುಂಬಿದ ಬಂಡಿಯನ್ನು ಊರು ಮುಟ್ಟಿಸಬೇಕಾದ ವರ್ತಕನು ಅಚ್ಚಿಗೆ ಎಣ್ಣೆ ಹಾಕುತ್ತಾನೆ. ಬಂಡಿಯ ಮೇಲಿನ ಮೋಹದಿಂದಲ್ಲ, ರತ್ನಗಳ ಮೇಲಿನ ಎಚ್ಚರದಿಂದ. ಎಣ್ಣೆಯನ್ನು ಅಚ್ಚಿಗೆ ಬೇಕಾದಷ್ಟೇ ಹಾಕುತ್ತಾನೆ, ಬಂಡಿಗೆಲ್ಲ ಬಳಿಯುವುದಿಲ್ಲ. ಒಣಗಿದ ಅಚ್ಚಿನ ಮೇಲೆ ಬಂಡಿಯನ್ನು ಎಳೆಸಿ ಹಾದಿಯಲ್ಲಿ ಮುರಿದುಕೊಂಡವನನ್ನು ಯಾರೂ ತ್ಯಾಗಿಯೆಂದು ಹೊಗಳುವುದಿಲ್ಲ.

ಷೋಡಶಕಾರಣ ಭಾವನೆಗಳನ್ನು ಪ್ರತಿವರ್ಷವೂ ಭಾದ್ರಪದದಲ್ಲಿ ಶ್ರಾವಕರು ಪೂಜಿಸುತ್ತಾರೆ. ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾದ ಆ ಹದಿನಾರರಲ್ಲಿ ತ್ಯಾಗ ಮತ್ತು ತಪಗಳಿಗೆ ಮಾತ್ರ ಉಮಾಸ್ವಾಮಿಗಳು 'ಶಕ್ತಿಗನುಸಾರವಾಗಿ' ಎಂಬ ವಿಶೇಷಣವನ್ನು ಹಚ್ಚಿದ್ದಾರೆ. ವಿನಯಕ್ಕೆ ಆ ಮಿತಿಯಿಲ್ಲ, ಭಕ್ತಿಗೆ ಇಲ್ಲ, ವಾತ್ಸಲ್ಯಕ್ಕೆ ಇಲ್ಲ. ಶಕ್ತಿಯನ್ನು ಬಚ್ಚಿಟ್ಟುಕೊಳ್ಳಬಾರದೆಂಬುದು ಆ ಪದದ ಒಂದು ಅರ್ಥ. ಶಕ್ತಿಯನ್ನು ಮೀರಬಾರದೆಂಬುದು ಇನ್ನೊಂದು. ಸೋಮಾರಿಯಾದ ತರುಣನಿಗೆ ಮೊದಲನೆಯ ಅರ್ಥವನ್ನೂ ಎಂಬತ್ತರ ಶ್ರಾವಕನಿಗೆ ಎರಡನೆಯದನ್ನೂ ಬೋಧಿಸಬೇಕು. ಎಷ್ಟೋ ಕಡೆ ಇದು ತಿರುವುಮುರುವಾಗಿ ನಡೆಯುತ್ತಿದೆ. ಬಾಹುಬಲಿಯು ಒಂದು ವರ್ಷ ಕಾಯೋತ್ಸರ್ಗದಲ್ಲಿ ನಿಂತನೆಂದು ಉದಾಹರಿಸುವವರು ಸಂಹನನದ ಮಾತನ್ನು ಮರೆಯುತ್ತಾರೆ. ಉತ್ತಮ ಸಂಹನನವುಳ್ಳವನಿಗೆ, ಎಂದರೆ ಎಲುಬು ಕೀಲುಗಳ ದೃಢಬಂಧವುಳ್ಳವನಿಗೆ, ಏಕಾಗ್ರಧ್ಯಾನವನ್ನು ಹೇಳಿರುವುದೂ ತತ್ತ್ವಾರ್ಥಸೂತ್ರವೇ. ಈ ಪಂಚಮಕಾಲದ ಭರತಕ್ಷೇತ್ರದಲ್ಲಿ ಅಂಥ ಸಂಹನನವಿಲ್ಲ. ಇರುವುದು ಹೀನಸಂಹನನ, ಅದನ್ನೂ ಅಲಕ್ಷ್ಯದಿಂದ ಇನ್ನಷ್ಟು ಹೀನಗೊಳಿಸಬೇಕೆ?

ದೇಹದ ಈ ಕ್ಷಯವನ್ನು ಆಧುನಿಕ ವೈದ್ಯರೂ ಅಳೆದು ನೋಡಿದ್ದಾರೆ. ಮೂವತ್ತು ವರ್ಷ ದಾಟಿದ ಮೇಲೆ ಪ್ರತಿ ದಶಕದಲ್ಲಿಯೂ ಸ್ನಾಯುರಾಶಿಯು ನೂರಕ್ಕೆ 3ರಿಂದ 8ರಷ್ಟು ಕಡಿಮೆಯಾಗುತ್ತದೆ; ಅರವತ್ತರ ಅನಂತರ ಈ ನಷ್ಟದ ವೇಗ ಹೆಚ್ಚು. ಬಲವು ರಾಶಿಗಿಂತಲೂ ಶೀಘ್ರವಾಗಿ ಕುಗ್ಗುತ್ತದೆ. ಈ ಸ್ಥಿತಿಗೆ ಸಾರ್ಕೊಪೀನಿಯಾ ಎಂಬ ಹೆಸರನ್ನು ಅಮೆರಿಕದ ವೈದ್ಯ ಇರ್ವಿನ್ ರೋಸೆನ್‌ಬರ್ಗ್ ಸೂಚಿಸಿದ್ದು 1980ರ ದಶಕದ ಕೊನೆಯಲ್ಲಿ. ಹಾಸಿಗೆ ಹಿಡಿದರಂತೂ ನಷ್ಟ ಭೀಕರ: ಆರೋಗ್ಯವಂತರಾದ ವೃದ್ಧರು ಹತ್ತೇ ದಿನ ಹಾಸಿಗೆಯಲ್ಲಿದ್ದು ಕಾಲುಗಳಿಂದ ಸುಮಾರು ಒಂದು ಕಿಲೋಗ್ರಾಮಿನಷ್ಟು ಸ್ನಾಯುರಾಶಿಯನ್ನು ಕಳೆದುಕೊಂಡರೆಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬಿದ್ದ ಅಜ್ಜಿಗೆ ಮತ್ತೆ ಏಳಲಾಗದಿರುವುದರ ಕಾರಣ ಮುರಿದ ಮೂಳೆಯೊಂದೇ ಅಲ್ಲ.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಪ್ರಾಂತದಲ್ಲಿ ಅರವತ್ತರ ಆಸುಪಾಸಿನ ಹಾಗೂ ಅದಕ್ಕೂ ಹಿರಿಯರಾದ ಸುಮಾರು ಮೂರು ಸಾವಿರ ಮಂದಿಯ ಆಹಾರವನ್ನೂ ಮುಷ್ಟಿಬಲವನ್ನೂ ಹೋಲಿಸಿ 2008ರಲ್ಲಿ ಪ್ರಕಟಿಸಿದರು. ಯಾರ ಆಹಾರದಲ್ಲಿ ಹಣ್ಣು, ತರಕಾರಿ, ಇಡಿಧಾನ್ಯಗಳು ಹೆಚ್ಚಾಗಿದ್ದವೋ ಅವರ ಹಿಡಿತ ಬಿಗಿಯಾಗಿತ್ತು. ಅಲ್ಲಿ ಮೀನಿನ ಹೆಸರೂ ಬಂದಿದೆ; ಅದನ್ನು ಮುಂದುಮಾಡಿ ಅಹಿಂಸಾಹಾರವನ್ನು ಹೀಗಳೆಯುವವರೂ ಉಂಟು. ಶ್ರಾವಕರು ಅದಕ್ಕಾಗಿ ಅಳುಕಬೇಕಾದುದಿಲ್ಲ. ಅಹಿಂಸಾಹಾರದಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ಅನ್ನ ತಿಳಿಸಾರುಗಳಲ್ಲಿ.

ಸ್ನಾಯುವನ್ನು ಕಟ್ಟುವ ದ್ರವ್ಯ ಸಸಾರಜನಕ, ಅಂದರೆ ಇಂದು ಎಲ್ಲರೂ ಹೇಳುವ ಪ್ರೋಟೀನ್. ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಮ್ ಎಂದು ಭಾರತದ ಪೋಷಣಾ ಸಂಸ್ಥೆಯು 2020ರಲ್ಲಿ ನಿಗದಿ ಮಾಡಿದೆ. ಅರವತ್ತೈದು ದಾಟಿದವರಿಗೆ 1ರಿಂದ 1.2 ಗ್ರಾಮ್ ಬೇಕೆಂದು 2013ರಲ್ಲಿ ಹಲವು ದೇಶಗಳ ತಜ್ಞರು ಸಲಹೆ ಮಾಡಿದರು. ವೃದ್ಧರಿಗೆ ಊಟ ಕಡಿಮೆ ಸಾಕೆಂಬುದು ಲೋಕರೂಢಿ. ಪ್ರಮಾಣ ಕಡಿಮೆಯಾಗಬಹುದು, ಸಾರ ಕಡಿಮೆಯಾಗಕೂಡದು. 50 ಕಿಲೋಗ್ರಾಮ್ ತೂಗುವ ಅಜ್ಜಿಗೆ ಈ ಲೆಕ್ಕದಲ್ಲಿ 50ರಿಂದ 60 ಗ್ರಾಮ್ ಸಸಾರಜನಕ ಬೇಕು. ನೂರೈವತ್ತು ಗ್ರಾಮ್ ಅಕ್ಕಿಯ ಅನ್ನದಿಂದ ದೊರೆಯುವುದು ಹತ್ತು ಹನ್ನೊಂದು ಗ್ರಾಮ್ ಮಾತ್ರ. ತಿಳಿಸಾರಿನಿಂದ ದೊರೆಯುವುದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಅದರ ಬದಲು ಅರ್ಧ ಲೀಟರ್ ಹಾಲಿನಲ್ಲಿ ಹದಿನಾರು, ಮುಕ್ಕಾಲು ಬಟ್ಟಲಿನಷ್ಟು ಎಂದರೆ ಎಪ್ಪತ್ತೈದು ಗ್ರಾಮ್ ಹಸಿ ತೂಕದ ಹೆಸರುಬೇಳೆ ಅಥವಾ ತೊಗರಿಬೇಳೆಯಲ್ಲಿ ಹದಿನೇಳು, ನೂರೈವತ್ತು ಗ್ರಾಮ್ ಜೋಳ ಅಥವಾ ಗೋಧಿಯ ಹಿಟ್ಟಿನಲ್ಲಿ ಹದಿನೈದು, ಒಂದು ಹಿಡಿ ಹುರಿದು ಪುಡಿಮಾಡಿದ ಶೇಂಗಾದಲ್ಲಿ ಆರು. ಕೂಡಿದರೆ ಐವತ್ತು ದಾಟಿತು. ಇವುಗಳಲ್ಲಿ ಯಾವುದೂ ಅಭಕ್ಷ್ಯವಲ್ಲ. ಯಾವುದೂ ಪೇಟೆಯಿಂದ ಡಬ್ಬಿಯಲ್ಲಿ ಬರಬೇಕಾದುದಲ್ಲ.

ಮರ್ಯಾದೆಗಳು ಇದ್ದೇ ಇವೆ. ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು. ಬೇಳೆಯ ಜೊತೆಗೆ ಮೊಸರು ಮಜ್ಜಿಗೆ ಸೇರಿದರೆ ದ್ವಿದಳದೋಷ. ಆದುದರಿಂದ ಹೊತ್ತನ್ನು ಬೇರ್ಪಡಿಸಿಕೊಳ್ಳಬೇಕು: ಬೆಳಗ್ಗೆ ಮರ್ಯಾದೆಯೊಳಗೆ ಕಾಯಿಸಿದ ಹಾಲು ಮತ್ತು ರಾಗಿಯ ಅಂಬಲಿ, ಮಧ್ಯಾಹ್ನ ಬೇಳೆ ಮತ್ತು ಮೆತ್ತನೆಯ ರೊಟ್ಟಿ, ಸೂರ್ಯಾಸ್ತಕ್ಕೆ ಎರಡು ಘಳಿಗೆ ಮುಂಚೆ ಮೊಸರನ್ನ. ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಬಿಸಿ ಬೇಳೆಕಟ್ಟಿನಲ್ಲಿ ನೆನೆಸಿ ಕೊಡಬಹುದು. ಮೊಳಕೆ ಕಾಳನ್ನು ಅನಂತಕಾಯವೆಂದು ವರ್ಜಿಸುವವರು ಕಾಳನ್ನು ಮೊಳೆಸದೆ ಹುರಿದು ನುಣ್ಣಗೆ ಬೀಸಿಕೊಂಡರೆ ಹೊಟ್ಟೆಯುಬ್ಬರವೂ ಕಡಿಮೆ. ಕಂದಮೂಲಗಳ ತ್ಯಾಗದಿಂದ ಸ್ನಾಯುವಿಗೆ ಏನೂ ನಷ್ಟವಿಲ್ಲವೆಂಬುದನ್ನೂ ಹೇಳಬೇಕು. ಆಲೂಗಡ್ಡೆಯಲ್ಲಿ ಸಸಾರಜನಕವಿರುವುದು ನೂರು ಗ್ರಾಮಿಗೆ ಎರಡು ಗ್ರಾಮಿನಷ್ಟು ಮಾತ್ರ.

ಹಾಲು ಮೊಸರುಗಳೆರಡನ್ನೂ ಯಾವಜ್ಜೀವ ಬಿಟ್ಟವರ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತುಂಟು. ಬಿ-12 ಎಂಬ ಜೀವಸತ್ತ್ವವು ಧಾನ್ಯ, ಬೇಳೆ, ಹಣ್ಣು, ತರಕಾರಿಗಳಲ್ಲಿಲ್ಲ. ಅಹಿಂಸಾಹಾರಿಗಳಿಗೆ ಅದು ದೊರೆಯುವುದು ಹಾಲು ಮೊಸರುಗಳಿಂದಲೇ. ಅದರ ಕೊರತೆಯಿಂದ ಅಂಗಾಲು ಜೋಮು ಹಿಡಿಯುವುದು, ನಡಿಗೆ ತೂರಾಡುವುದು, ಮರೆವು, ರಕ್ತಹೀನತೆ ಉಂಟಾಗುತ್ತವೆ. ಇದನ್ನು ಮುಪ್ಪೆಂದು ಸುಮ್ಮನಾಗುವುದು ಸಾಮಾನ್ಯ. ನಿಯಮವನ್ನು ಮುರಿಯಬೇಕಾಗಿಲ್ಲ; ಗುರುಗಳ ಸನ್ನಿಧಿಯಲ್ಲಿ ನಿವೇದಿಸಿ ಕಾಲಮರ್ಯಾದೆಗೆ ಮಾರ್ಪಡಿಸಿಕೊಳ್ಳಬಹುದು, ಅಥವಾ ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಿ ಔಷಧಿಯ ರೂಪದಲ್ಲಿ ಪಡೆಯಬಹುದು. ಮೂತ್ರಪಿಂಡದ ರೋಗವಿರುವವರು ಮೇಲೆ ಹೇಳಿದ ಬೇಳೆ ಹಾಲುಗಳ ಪ್ರಮಾಣವನ್ನು ವೈದ್ಯರನ್ನು ಕೇಳದೆ ಅನುಸರಿಸತಕ್ಕದ್ದಲ್ಲ. ಸಕ್ಕರೆಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರ ಉಪವಾಸಕ್ಕೂ ಇದೇ ಮಾತು.

ಆಹಾರವನ್ನು ಔಷಧಿಯಾಗಿ ಸ್ವೀಕರಿಸಲು ಗುರುವೇ ಆಜ್ಞಾಪಿಸಿದ ಪ್ರಸಂಗವೊಂದು ಈ ನಾಡಿನ ಪರಂಪರೆಯಲ್ಲಿದೆ. ದೇವಚಂದ್ರನು ಹತ್ತೊಂಬತ್ತನೆಯ ಶತಮಾನದಲ್ಲಿ ರಚಿಸಿದ ರಾಜಾವಳಿಕಥೆಯಲ್ಲಿ ಅದು ನಿರೂಪಿತವಾಗಿದೆ. ಸಮಂತಭದ್ರಸ್ವಾಮಿಗಳಿಗೆ ಭಸ್ಮಕವ್ಯಾಧಿ ಬಂದಿತು. ಉಂಡದ್ದೆಲ್ಲವೂ ಕ್ಷಣದಲ್ಲಿ ಬೂದಿಯಾಗಿ ದೇಹ ಸೊರಗುತ್ತಿತ್ತು. ಮುನಿಯ ಏಕಭುಕ್ತದಿಂದ ಆ ಅಗ್ನಿ ಶಮನವಾಗುವಂತಿರಲಿಲ್ಲ. ಸ್ವಾಮಿಗಳು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅನುಮತಿಯನ್ನು ಬೇಡಿದರು. ಗುರುಗಳು ಕೊಡಲಿಲ್ಲ. ಇವರಿಂದ ಧರ್ಮಪ್ರಭಾವನೆ ಆಗಬೇಕಾಗಿದೆ, ಆಯುಷ್ಯವಿದೆ, ರೋಗಕ್ಕೆ ಪ್ರತೀಕಾರವಿದೆ ಎಂದು ಕಂಡು, ಮುನಿವೇಷವನ್ನು ತ್ಯಜಿಸಿಯಾದರೂ ತಕ್ಕ ಆಹಾರದಿಂದ ವ್ಯಾಧಿಯನ್ನು ಶಮನಗೊಳಿಸಿಕೊಂಡು ಮರಳಿ ದೀಕ್ಷೆಯನ್ನು ಪಡೆಯಬೇಕೆಂದು ಆದೇಶಿಸಿದರು. ಸಮಂತಭದ್ರರಂಥವರಿಗೆ ಇದು ಮರಣಕ್ಕಿಂತಲೂ ಕಠಿಣವಾದ ಆಜ್ಞೆಯಾಗಿತ್ತು. ಆದರೂ ಅವರು ಪಾಲಿಸಿದರು. ಕಂಚಿಯಲ್ಲಿ ಶಿವಕೋಟಿ ರಾಜನ ಆಲಯದ ನೈವೇದ್ಯದಿಂದ ರೋಗ ಇಳಿಯಿತು. ಇಳಿದಂತೆ ಆಹಾರವೂ ಇಳಿಯಿತು, ನೈವೇದ್ಯ ಮಿಗತೊಡಗಿತು. ಗುಟ್ಟು ಹೊರಬಿದ್ದು, ಅರಸನು ಪರೀಕ್ಷೆಗೊಡ್ಡಿದಾಗ ಸ್ವಯಂಭೂಸ್ತೋತ್ರ ಹೊರಹೊಮ್ಮಿ ಚಂದ್ರಪ್ರಭ ಜಿನಬಿಂಬವು ಪ್ರಕಟವಾಯಿತೆಂಬ ಮುಂದಿನ ಕಥೆ ಎಲ್ಲರೂ ಬಲ್ಲದ್ದು. ಸಲ್ಲೇಖನಕ್ಕೆ ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳೇ ಸಂದರ್ಭವೆಂದು ರತ್ನಕರಂಡಕದಲ್ಲಿ ವಿಧಿಸಿದವರೂ ಇದೇ ಸಮಂತಭದ್ರರೇ. 'ಪ್ರತೀಕಾರವಿಲ್ಲದ' ಎಂಬ ಮಾತನ್ನು ಅವರಷ್ಟು ಅನುಭವಿಸಿ ಬರೆದವರು ಇನ್ನಾರು?

ಬೇಳೆಯ ಕೊರತೆಯಿಂದ ಬಂದ ನಿಶ್ಶಕ್ತಿಗೆ ಪ್ರತೀಕಾರವುಂಟು. ಅದನ್ನು ಅಂತ್ಯಕಾಲದ ಆಹಾರತ್ಯಾಗದೊಡನೆ ಬೆರೆಸಬಾರದು. ಸಲ್ಲೇಖನದಲ್ಲಿಯೂ ಆಹಾರವನ್ನು ಬಿಡುವುದು ಕ್ರಮದಿಂದ: ಮೊದಲು ಘನಾಹಾರ, ಆಮೇಲೆ ಹಾಲಿನಂಥ ಸ್ನಿಗ್ಧಪಾನ, ಆಮೇಲೆ ಖರಪಾನ, ಕೊನೆಗೆ ನೀರು, ಕಷಾಯಗಳನ್ನೂ ಜೊತೆಜೊತೆಗೇ ಕೃಶಗೊಳಿಸುತ್ತ, ನಿರ್ಯಾಪಕರ ಸಮ್ಮುಖದಲ್ಲಿ, ಪೂರ್ಣ ಎಚ್ಚರದಿಂದ.

ಹಾಗಾದರೆ ಮುಪ್ಪಿನಲ್ಲಿ ಉಪವಾಸವೇ ಬೇಡವೆ? ಹಾಗೆ ಯಾರೂ ಹೇಳಲಾರರು. ಪರ್ವದಿನದ ಪ್ರೋಷಧದಲ್ಲಿ ಹದಿನಾರು ಪ್ರಹರದ ಉತ್ತಮ, ಹನ್ನೆರಡರ ಮಧ್ಯಮ, ಎಂಟರ ಜಘನ್ಯವೆಂಬ ಭೇದಗಳಿರುವುದು ಇದಕ್ಕಾಗಿಯೇ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇನ್ನೂ ಮುಂದೆ ಹೋಗಿದ್ದಾರೆ: ಉಪವಾಸ ಮಾಡಲಾರದವರಿಗೆ ನೀರನ್ನು ಮಾತ್ರ ಸ್ವೀಕರಿಸುವ ಅನುಪವಾಸ, ಅದನ್ನೂ ಮಾಡಲಾರದವರಿಗೆ ಆಚಾಮ್ಲ, ನಿರ್ವಿಕೃತಿ ಮೊದಲಾದವು. ಮೆಟ್ಟಿಲುಗಳನ್ನು ಇಷ್ಟು ಸುಲಭವಾಗಿ ಇಟ್ಟಿರುವಾಗ ಮೇಲಿನ ಮೆಟ್ಟಿಲಿನಲ್ಲಿಯೇ ನಿಲ್ಲುವೆನೆಂಬ ಹಟವು ಮಾನಕಷಾಯದ ಬಾಗಿಲಾಗಬಲ್ಲದು. ಅವಮೌದರ್ಯವೂ ಬಾಹ್ಯತಪವೇ: ಪುರುಷರಿಗೆ 32, ಸ್ತ್ರೀಯರಿಗೆ 28 ತುತ್ತುಗಳ ಪೂರ್ಣಾಹಾರವೆಂದು ಎಣಿಸಿ, ಅದರಲ್ಲಿ ಒಂದು ತುತ್ತನ್ನು ಬಿಟ್ಟರೂ ಅದು ತಪವೆನಿಸುತ್ತದೆ. ಹಿರಿಯರು ತುತ್ತನ್ನು ಬಿಡುವಾಗ ಅನ್ನದ ತುತ್ತನ್ನು ಬಿಡಲಿ, ಬೇಳೆಯದನ್ನಲ್ಲ.

ಆಹಾರವೊಂದರಿಂದಲೇ ಜಂಘಾಬಲ ನಿಲ್ಲುವುದಿಲ್ಲ. ಕಾಲುಗಳಿಗೆ ಕೆಲಸವೂ ಬೇಕು. 1990ರಲ್ಲಿ ಬಾಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಯಿಂದ ಎಂಟು ವಾರ ಕಾಲಿನ ವ್ಯಾಯಾಮ ಮಾಡಿಸಿದಾಗ, ಪೂರ್ಣಗೊಳಿಸಿದ ಒಂಬತ್ತು ಮಂದಿಯ ಕಾಲ್ಬಲವು ಸರಾಸರಿ ನೂರಕ್ಕೆ 174ರಷ್ಟು ವೃದ್ಧಿಯಾಯಿತು. ತೊಂಬತ್ತರಲ್ಲಿಯೂ ಸ್ನಾಯು ಮಾತು ಕೇಳುತ್ತದೆ! ಶ್ರಾವಕರಿಗೆ ವ್ಯಾಯಾಮಶಾಲೆ ಬೇಕಾಗಿಲ್ಲ. ಸಾಮಾಯಿಕದಲ್ಲಿ ನಾಲ್ಕು ದಿಕ್ಕಿಗೂ ಮೂರು ಮೂರು ಆವರ್ತ, ಒಂದೊಂದು ಪ್ರಣಾಮ. ಬಸದಿಯ ಮೂರು ಪ್ರದಕ್ಷಿಣೆ. ಪಂಚಾಂಗ ನಮಸ್ಕಾರದಲ್ಲಿ ಕುಳಿತು ಏಳುವುದು. ನಿಂತು ಮಾಡುವ ಕಾಯೋತ್ಸರ್ಗ. ಇವನ್ನು ವಿಧಿವತ್ತಾಗಿ ನಿತ್ಯವೂ ಮಾಡುವವರ ಮೊಣಕಾಲು ಸುಲಭವಾಗಿ ಸೋಲುವುದಿಲ್ಲ. ಕುರ್ಚಿಯಲ್ಲಿ ಕುಳಿತವರು ಕೈಯ ಆಸರೆಯಿಲ್ಲದೆ ಏಳಲು ದಿನವೂ ಹತ್ತು ಸಲ ಅಭ್ಯಾಸ ಮಾಡಲಿ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಡೋಲಿಯಲ್ಲಿ ಏರಿದರೂ ಭಗವಾನರ ದರ್ಶನದಲ್ಲಿ ಕುಂದಿಲ್ಲ. ಆದರೂ ಕಾಲಿನಿಂದ ಏರಿದವರ ಮುಖದ ಕಳೆ ಬೇರೆ.

ಉಳಿದದ್ದು ಪಾರಣೆಯ ಮಾತು. ಉಪವಾಸದ ದಿನ ಮನೆಯವರೆಲ್ಲ ಅಜ್ಜಿಯ ಸುತ್ತ ಇರುತ್ತಾರೆ. ಪಾರಣೆಯ ದಿನ ಎಲ್ಲರೂ ಕೆಲಸಕ್ಕೆ ಹೊರಟಿರುತ್ತಾರೆ. ಹಿಂದಿನ ದಿನದ ದಣಿವು ಇರುವುದು ಆ ಬೆಳಗ್ಗೆಯೇ. ವೈಯಾವೃತ್ತ್ಯವು ಅಭ್ಯಂತರ ತಪಗಳಲ್ಲಿ ಒಂದು; ಸೊಸೆ, ಮಗ, ಮೊಮ್ಮಕ್ಕಳು ಉಪವಾಸ ಮಾಡಲಾಗದಿದ್ದರೂ ಇದನ್ನು ಮಾಡಬಹುದು. ಸೂರ್ಯೋದಯವಾಗಿ ಎರಡು ಘಳಿಗೆ ಕಳೆದ ಮೇಲೆ ಮೊದಲು ಬೆಚ್ಚಗಿನ ಶೋಧಿಸಿದ ನೀರು. ಸ್ವಲ್ಪ ಹೊತ್ತಿನ ಅನಂತರ ಹೆಸರುಬೇಳೆಯನ್ನು ಕೈಯಲ್ಲಿ ಹಿಸುಕಿದರೆ ಕರಗುವಂತೆ ಬೇಯಿಸಿ, ತುಪ್ಪದ ತ್ಯಾಗವಿಲ್ಲದಿದ್ದರೆ ಒಂದು ಚಮಚ ತುಪ್ಪ ಹಾಕಿ, ಜೀರಿಗೆಯ ಒಗ್ಗರಣೆಯೊಡನೆ ಬಟ್ಟಲಿನಲ್ಲಿ ಕೊಡಬೇಕು. ಕೊಟ್ಟು ಹೋಗಿಬಿಡದೆ, ಬಟ್ಟಲು ಬರಿದಾಗುವವರೆಗೆ ಯಾರಾದರೊಬ್ಬರು ಎದುರಿಗೆ ಕುಳಿತಿರಬೇಕು.